ಅಜ್ಮೀರದ ಜೊತೆ ಅರ್ಧ ಕುರ್ಚಿ

ಗಂಗಲಕ್ಷ್ಮಮ್ಮ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಜೋಗುಪಾಳ್ಯದಲ್ಲಿ ಹಾಲಿನವನಿಂದ ಕಸದ ಗಾಡಿಯವನವರೆಗೆ ಅವರಿಂದ ಬೈಸಿಕೊಳ್ಳದವರಿಲ್ಲ. ನಾನು ಬೈಸಿಕೊಂಡದ್ದು ಎಲ್ಲರಿಗಿಂತ ಹೆಚ್ಚು. ಪಿಯುಸಿಯಲ್ಲಿ ಅವರ ಕೈಯಲ್ಲಿ ರಾಜ್ಯಶಾಸ್ತ್ರ ಓದಿದವನು ನಾನು. ಈಗ ಅವರ ಮನೆ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಂದರೆ ಪಾಠ ಮುಗಿದರೂ ಬೈಗುಳ ಮುಗಿದಿಲ್ಲ.

ಕಾಲೇಜಿನಲ್ಲಿ ಅವರು ಕೂಗಾಡುತ್ತಿದ್ದ ಪಾಠ ಒಂದೇ ಒಂದು. ಕೊಡಗು ಒಂದು ಕಾಲಕ್ಕೆ ಪ್ರತ್ಯೇಕ ರಾಜ್ಯವಾಗಿತ್ತು, ಅಂಗೈಯಷ್ಟಗಲದ ರಾಜ್ಯ. ೧೯೫೨ರಲ್ಲಿ ಲೋಕಸಭೆಗೆ ಅದರದ್ದು ಒಬ್ಬ ಸದಸ್ಯ, ಅಷ್ಟು ಸರಿ. ರಾಜ್ಯಸಭೆಗೆ ಮಾತ್ರ ಆ ಒಂದೂ ಇಲ್ಲ. ಕೊಡಗಿಗೂ ರಾಜಸ್ಥಾನದ ನಡುವಿನ ಅಜ್ಮೀರಕ್ಕೂ ಸೇರಿಸಿ ಒಂದು ಕುರ್ಚಿ ಕೊಟ್ಟಿದ್ದರು. ಒಂದು ಸಲ ಅವರು, ಒಂದು ಸಲ ಇವರು, ಸರದಿಯ ಮೇಲೆ. ಇಲ್ಲಿ ಕಾಫಿ ಬೆಳೆಯುವ ಬೆಟ್ಟ, ಅಲ್ಲಿ ಮರಳುಗಾಡಿನ ಅಂಚು. ಅಜ್ಮೀರದವನು ಕೂತಾಗ ಕೊಡಗಿನ ಮಾತು ಬಂದರೆ ಎದ್ದು ನಿಲ್ಲುವವರು ಯಾರು ಅಂತ ಮೇಡಂ ಕೇಳುತ್ತಿದ್ದರು. ನಾವು ತಲೆ ತಗ್ಗಿಸುತ್ತಿದ್ದೆವು. ನಾವೇ ಮಾಡಿದ ಅನ್ಯಾಯವೇನೋ ಅನ್ನುವ ಹಾಗೆ ನಮ್ಮನ್ನು ನೋಡುತ್ತಿದ್ದರು. ೧೯೫೬ರಲ್ಲಿ ರಾಜ್ಯವೇ ಮೈಸೂರಿನೊಳಗೆ ಸೇರಿತು. ಆಮೇಲೆ ಲೋಕಸಭೆಗೂ ಕೊಡಗಿಗೆ ತನ್ನದೇ ಅನ್ನುವ ಸದಸ್ಯನಿಲ್ಲ. ಬಹುಕಾಲ ಮಂಗಳೂರಿನ ಬಾಲ, ಈಗ ಮೈಸೂರಿನ ಬಾಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಕೊಡಗಿಗೆ ಎಳೆಯುವುದಕ್ಕೆ ಹಗ್ಗವೂ ಇಲ್ಲ ಅನ್ನುತ್ತಿದ್ದರು.

ಅವರೇನು ಕೊಡಗಿನವರಲ್ಲ, ಕೊಡಗನ್ನು ಅವರು ನೋಡಿದ್ದೂ ಒಂದೇ ಸಲ, ಕಾಲೇಜಿನ ಟೂರಿನಲ್ಲಿ. ಹಾಗಿದ್ದರೆ ಈ ಸಿಟ್ಟು ಎಲ್ಲಿಂದ ಬಂತು? ಅವರ ತಂದೆ ಮುನಿಆಂಜನಪ್ಪನವರು ಹಲಸೂರು ಕೆರೆಯ ಆಚೆ ಸೊಪ್ಪು ಬೆಳೆಯುತ್ತಿದ್ದವರು. ಇಂದಿರಾನಗರದ ಬಡಾವಣೆಗೆ ಗೆರೆ ಎಳೆದಾಗ ಹೊಲ ಆ ಗೆರೆಯೊಳಗೆ ಹೋಯಿತು. ಗೆರೆ ಎಳೆಯುವ ಕೋಣೆಯಲ್ಲಿ ನಮ್ಮ ಕಡೆಯ ಒಂದು ನರಪಿಳ್ಳೆಯೂ ಇರಲಿಲ್ಲ ಅಂತ ಅವರು ಸಾಯುವವರೆಗೆ ಹೇಳುತ್ತಿದ್ದರಂತೆ. ಮಗಳು ಅದನ್ನು ಕೇಳುತ್ತಲೇ ಬೆಳೆದು ರಾಜ್ಯಶಾಸ್ತ್ರ ಹಿಡಿದಳು.

ಮೇಡಂ ನಿವೃತ್ತರಾಗಿ ಕೆಲವು ವರ್ಷವಾಯಿತು. ಹಳೇ ಮನೆ ಕೆಡವಿ ಕಟ್ಟಿಸಿದ ಕಟ್ಟಡದ ಕೆಳಗೆ ಅವರಿದ್ದಾರೆ, ಮೇಲಿನ ರೂಮುಗಳನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದಾರೆ. ರಾಯಚೂರು, ಯಾದಗಿರಿ ಕಡೆಯ ಸಂಸಾರಗಳು. ಗಂಡಸರು ಕಟ್ಟಡದ ಕೆಲಸಕ್ಕೆ ಹೋದರೆ ಹೆಂಗಸರು ಇಂದಿರಾನಗರದ ಬಂಗಲೆಗಳಿಗೆ ಪಾತ್ರೆ, ಬಟ್ಟೆ ಅಂತ ಹೋಗುತ್ತಾರೆ. ಅವರಿಗೆಲ್ಲ ಇದ್ದದ್ದು ಒಂದೇ ಹತ್ತಿರದ ದಾರಿ: ನಮ್ಮ ಬೀದಿಯ ಕೊನೆಯ ಪಾರ್ಕಿನೊಳಗೆ ನುಗ್ಗಿ ಆಚೆ ಗೇಟಿನಿಂದ ಹೊರಬಿದ್ದರೆ ಬಂಗಲೆಗಳ ಸಾಲು. ಪಾರ್ಕು ಮುಚ್ಚಿದ್ದರೆ ಮೇನ್ ರೋಡು ಸುತ್ತಿಕೊಂಡು ಹೋಗಬೇಕು, ಆ ಟ್ರಾಫಿಕ್ಕಿನಲ್ಲಿ.

ಆ ಪಾರ್ಕಿಗೆ ಬೀಗ ಹಾಕಬೇಕೆಂದು ಬಂಗಲೆಯವರ ಒಕ್ಕೂಟ ಹೊರಟಿತು. ಮಾತೆತ್ತಿದರೆ ಸೆಕ್ಯುರಿಟಿ. ಕುಡಿದು ಬೀದಿಯಲ್ಲಿ ಕಿರುಚುವ ಪಬ್ಬಿನ ಗಿರಾಕಿಗಳಿಗೆ ಗೇಟಿಲ್ಲ, ಇವರ ಎಂಜಲು ತಟ್ಟೆ ತೊಳೆಯಲು ಬರುವ ಹೆಂಗಸರಿಗೆ ಗೇಟು. ಇದನ್ನು ಬರೆಯುವಾಗ ನನಗೂ ಮೈ ಉರಿಯುತ್ತದೆ. ಸುತ್ತಲಿನ ಹಳೇ ಊರುಗಳನ್ನೂ ಕೇಳಿದೆವು ಅನ್ನಿಸಿಕೊಳ್ಳಬೇಕಲ್ಲ, ಅದಕ್ಕೆ ತಮ್ಮ ಪಾರ್ಕ್ ಸಮಿತಿಯಲ್ಲಿ ಒಂದು ಸ್ಥಾನ ಕೊಟ್ಟರು. ಜೋಗುಪಾಳ್ಯಕ್ಕೂ ಬೈಯಪ್ಪನಹಳ್ಳಿಗೂ ಸೇರಿಸಿ ಒಂದು, ಒಂದು ವರ್ಷ ಅವರು, ಒಂದು ವರ್ಷ ನಾವು.

ಹಾಗೆಂದು ಬಂದ ನೋಟೀಸನ್ನು ನನ್ನ ಅಂಗಡಿಯಲ್ಲೇ ನಿಂತು ಓದಿದ ಮೇಡಂ ಮುಖ ನೋಡಿ ನಾನು ಮೆಷಿನ್ ನಿಲ್ಲಿಸಿದೆ. "ಕೊಡಗು, ಅಜ್ಮೀರ" ಅಂದರು, ಅಷ್ಟೇ. ಮುಂದಿನ ಸಭೆಗೆ ನನ್ನನ್ನೂ ಎಳೆದುಕೊಂಡು ಹೋದರು. ಏಸಿ ಹಾಲಿನಲ್ಲಿ ನಿಂತು, ಪಿಯುಸಿ ಹುಡುಗರಿಗೆ ಮಾಡಿದ ಪಾಠವನ್ನೇ ಆ ದೊಡ್ಡ ಮನುಷ್ಯರಿಗೂ ಮಾಡಿದರು. ಅರ್ಧ ಕುರ್ಚಿಯ ಮೇಲೆ ಯಾರೂ ಕೂರುವುದಕ್ಕಾಗುವುದಿಲ್ಲ, ಕೊಡುವುದಾದರೆ ಪೂರ್ತಿ ಕೊಡಿ, ಇಲ್ಲವೇ ಕೊಡಲಿಲ್ಲ ಅಂತ ಬರೆದುಕೊಡಿ ಅಂದರು. ಅಧ್ಯಕ್ಷರಿಗೆ ಬೆವರಿತು. ಕೊನೆಗೆ ಎರಡೂ ಊರಿಗೆ ಒಂದೊಂದು ಸ್ಥಾನ ಕೊಟ್ಟರು, ನಮ್ಮೂರಿನದು ಮೇಡಂಗೇ ಬಂತು. ಆವತ್ತು ಜೋಗುಪಾಳ್ಯದಲ್ಲಿ ನಾವು ಹಬ್ಬದ ಹಾಗೆ ನಡೆದೆವು.

ಆಮೇಲೆ ಬೀಗದ ಮಾತು ಬಂತು. ಪೂರ್ತಿ ಮುಚ್ಚಬೇಕು ಅಂತ ಒಕ್ಕೂಟದವರು, ಮುಚ್ಚಲೇಬಾರದು ಅಂತ ಮೇಡಂ. ಒಂಟಿಯಾಗಿ ಹೋರಾಡಿ ಒಂದು ರಾಜಿ ಮಾಡಿಸಿದರು: ಬೆಳಗ್ಗೆಯೂ ಸಂಜೆಯೂ ಗೇಟು ತೆಗೆದಿರಬೇಕು, ನಡು ಮಧ್ಯಾಹ್ನ ಮುಚ್ಚಿಕೊಳ್ಳಲಿ. ಕೆಲಸಕ್ಕೆ ಹೋಗುವವರು ಬೆಳಗ್ಗೆ ಹೋಗುತ್ತಾರೆ, ಸಂಜೆ ಬರುತ್ತಾರೆ. ಜೀವಮಾನವಿಡೀ ಮೇಡಂ ಕಾಲೇಜಿಗೆ ಹೋಗಿ ಬಂದದ್ದು ಹಾಗೆಯೇ. ಬಾಡಿಗೆಯವರೆಲ್ಲ ನಮ್ಮ ಮನೆಯವರಿದ್ದ ಹಾಗೆ, ನಾನು ಗೆದ್ದರೆ ಅವರು ಗೆದ್ದ ಹಾಗೆ ಅಂತ ಆ ದಿನ ನನ್ನ ಹತ್ತಿರ ಹೇಳಿ ಹಿಗ್ಗಿದರು.

ಗೇಟಿಗೆ ಬೀಗ ಬಿದ್ದು ವಾರ ಕಳೆದಿರಲಿಲ್ಲ. ಮೇಲಿನ ರೂಮಿನ ಹುಸೇನಮ್ಮ ಬಂದು ಮನೆ ಖಾಲಿ ಮಾಡುತ್ತೇವೆ ಅಂದಳು. ಯಾಕೆ ಅಂತ ಕೇಳಿದರೆ ದಾರಿ ದೂರವಾಯಿತು ಅಂದಳು. ಮೇಡಂ ಅವಳ ಮೇಲೇ ರೇಗಿದರು. ಬೆಳಗ್ಗೆ ಸಂಜೆ ಗೇಟು ತೆಗೆಸಿದ್ದೇ ನಿಮಗೋಸ್ಕರ, ಇನ್ನೇನು ಬೇಕು ಅಂದರು. ಹುಸೇನಮ್ಮ ನಿಧಾನವಾಗಿ ಬಿಡಿಸಿ ಹೇಳಿದಳು. ಮನೆಕೆಲಸ ಒಂದೇ ಹೊತ್ತಿನದಲ್ಲ. ಬೆಳಗಿನ ಪಾತ್ರೆ ಮುಗಿಸಿ ಮಧ್ಯಾಹ್ನ ರೂಮಿಗೆ ಬರಬೇಕು, ಹಾಸಿಗೆ ಹಿಡಿದ ಅತ್ತೆಗೆ ಉಣಿಸಬೇಕು, ಮತ್ತೆ ಊಟದ ಪಾತ್ರೆಗೆ ಓಡಬೇಕು. ಗೇಟು ಮುಚ್ಚಿರುವುದು ಸರಿಯಾಗಿ ಆಗಲೇ. ಸುತ್ತಿ ಬಂದು ಸುತ್ತಿ ಹೋಗುವಷ್ಟರಲ್ಲಿ ತಡವಾಗಿ ಒಂದು ಮನೆಯವರು ಕೆಲಸ ಬಿಡಿಸಿದರು. ಇನ್ನೆರಡು ಮನೆಯವರು ಮುಖ ಗಂಟು ಹಾಕಿಕೊಂಡಿದ್ದಾರೆ. ಗಂಡ ಅಮೃತಪ್ಪ ಕೆ.ಆರ್. ಪುರದ ಕಡೆ ರೂಮು ನೋಡಿ ಬಂದಿದ್ದಾನೆ.

"ಮೊದ್ಲೇ ಯಾಕೇ ಹೇಳ್ಲಿಲ್ಲ?" ಅಂತ ಮೇಡಂ ಕೂಗಿದ್ದು ನನ್ನ ಅಂಗಡಿಗೂ ಕೇಳಿಸಿತು.

"ನೀವು ಕೇಳಲಿಲ್ಲಲ್ರಿ ಅಮ್ಮಾರ."

ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಇದ್ದಿದ್ದರೆ ಮೇಡಂ ಬೈದು ಗೆದ್ದುಬಿಡುತ್ತಿದ್ದರು. ಸಂಜೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತರು. ಅವರಿಗೆ ಇಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ, ಅದೂ ತಮ್ಮ ಮೇಲೆಯೇ. ದಿನಾ ಮಧ್ಯಾಹ್ನ ತಲೆ ಮೇಲೆ ಆ ಹೆಂಗಸು ಹತ್ತಿ ಇಳಿಯುತ್ತಿದ್ದಳು, ನಾನು ಫ್ಯಾನ್ ಹಾಕಿಕೊಂಡು ಮಲಗಿರುತ್ತಿದ್ದೆ ಅಂದರು. ನನಗೆ ಸಮಾಧಾನ ಹೇಳಲು ಧೈರ್ಯವಾಗಲಿಲ್ಲ. ಹೇಳಬೇಕು ಅನ್ನಿಸಲೂ ಇಲ್ಲ, ಅವರ ಸಿಟ್ಟು ನ್ಯಾಯವಾಗಿಯೇ ಇತ್ತು. ಒಂದು ತಿಂಗಳು ತಡೆದುಕೋ ಅಂತ ಹುಸೇನಮ್ಮನನ್ನು ಒಪ್ಪಿಸಿ, ಮುಂದಿನ ಸಭೆಗೆ ಅವಳನ್ನೂ ಕರೆದುಕೊಂಡು ಹೊರಟರು.

ಅಧ್ಯಕ್ಷರು ಹುಸೇನಮ್ಮನನ್ನು ನೋಡಿ ಮೊದಲು ನೀರು ತರಲು ಬಂದವಳು ಅಂದುಕೊಂಡರು. ಗೊತ್ತಾದ ಮೇಲೆ ಬಾಡಿಗೆದಾರರು ಸಮಿತಿಯಲ್ಲಿ ಕೂರುವಂತಿಲ್ಲ, ಜೋಗುಪಾಳ್ಯಕ್ಕೆ ಇರುವುದು ಒಂದೇ ಕುರ್ಚಿ ಅಂದರು.

"ಒಂದೇ ಸಾಕು. ನಾನ್ ನಿಂತ್ಕೋತೀನಿ" ಅಂದರು ಮೇಡಂ. "ಕೂತ್ಕೊಳ್ಳೇ ಹುಸೇನಮ್ಮ."

ಅವಳು ಸೆರಗು ಸರಿಮಾಡಿಕೊಂಡು ಕೂತಳು. ಮೇಡಂಗೆ ಹೇಳಿದ ಹಾಗೇ, ಅಷ್ಟೇ ನಿಧಾನವಾಗಿ, ತನ್ನ ಮಧ್ಯಾಹ್ನದ ಕಥೆ ಹೇಳಿದಳು. ಅವಳು ಪಾತ್ರೆ ತೊಳೆಯುವ ಮನೆಯ ಯಜಮಾನರೊಬ್ಬರು ಅಲ್ಲೇ ಇದ್ದರು, ಫೋನಿನಿಂದ ತಲೆ ಎತ್ತಲಿಲ್ಲ. ಯಾರೂ ಆಗುವುದಿಲ್ಲ ಅನ್ನಲಿಲ್ಲ, ಆಗುತ್ತದೆ ಅಂತಲೂ ಅನ್ನಲಿಲ್ಲ. ಮುಂದಿನ ತಿಂಗಳ ಶನಿವಾರ ಮಧ್ಯಾಹ್ನ ಮತ್ತೆ ಕೂತು ನೋಡೋಣ ಅಂತ ಎದ್ದರು. ಬೀಗ ಹಾಗೇ ಉಳಿಯಿತು.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ ಮೇಡಂ ಕೊತಕೊತ ಕುದಿಯುತ್ತಿದ್ದರು. ಮುಂದಿನ ಸಲ ಏನೇನು ಹೇಳಬೇಕು, ಯಾರ ಮುಖದ ನೀರಿಳಿಸಬೇಕು ಅಂತ ನನಗೆ ಒಪ್ಪಿಸುತ್ತಿದ್ದರು. ಹುಸೇನಮ್ಮ ನಡುವೆ ಬಾಯಿ ಹಾಕಿದಳು.

"ಶನಿವಾರ ಮಧ್ಯಾಹ್ನ ನನಗ ಆಗಂಗಿಲ್ರಿ ಅಮ್ಮಾರ, ಕೆಲಸ ಇರ್ತೈತಿ. ಐತವಾರ ಇಡ್ರಿ ಅಂತ ಒಳಗ ಹೋಗಿ ಹೇಳ್ರಿ."

ಅವರಿಗೆ ಹೀಗೆ ಮಾಡಿ ಅಂತ ಹೇಳಿದವರನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಈಗ ಇವಳಿಗೆ ಗ್ರಹಚಾರ ಕಾದಿದೆ ಅಂದುಕೊಂಡೆ. ಮೇಡಂ ಅವಳನ್ನು ಒಂದು ಗಳಿಗೆ ನೋಡಿದರು. ಹಾಕಿಕೊಂಡ ಚಪ್ಪಲಿಯನ್ನು ಬಿಟ್ಟು ಮತ್ತೆ ಒಳಗೆ ಹೋದರು. ಅವರ ದನಿ ಬೀದಿಯವರೆಗೂ ಕೇಳಿಸಿತು.

"ಶನಿವಾರ ಆಗಲ್ಲ. ಹುಸೇನಮ್ಮ ಭಾನುವಾರ ಅಂದಿದ್ದಾಳೆ."