ಯಮನೂರನ ಬೆಂಕಿ ಪರದೆ

ಕೆರೂರಿನ ಪೇಂಟರ್ ಯಮನೂರನ ಸಿಟ್ಟು ಊರಿಗೇ ಗೊತ್ತು. ಒಂದು ಕಾಲಕ್ಕೆ ನಾಟಕದ ಪರದೆ ಬರೆಯುತ್ತಿದ್ದವನು, ಫ್ಲೆಕ್ಸ್ ಬಂದ ಮೇಲೆ ಅಂಗಡಿ ಶಟರ್‌ಗಳಿಗೆ ಬಣ್ಣ ಬಳಿಯುತ್ತ ಹಲ್ಲು ಕಡಿಯುತ್ತಿದ್ದ.

ಅಂಥವನ ಬಳಿಗೆ ರಾಮಥಾಳ ಕಡೆಯ ಹಳ್ಳಿಯೊಂದರ ನಾಟಕ ಮಂಡಳಿಯ ಅಮಸಿದ್ದಪ್ಪ ಬಂದು ಪರದೆ ಬೇಕೆಂದ. ರಾತ್ರಿಯ ಗುಡ್ಡ, ಅದರ ಕೆಳಗೆ ಹೊತ್ತಿ ಉರಿಯುವ ಮೇವಿನ ಬಣವೆ. ಯಮನೂರನಿಗೆ ಜೀವ ಬಂದಂತಾಯಿತು. ಕೈಯಲ್ಲಿ ಇನ್ನೂ ಕಸುಬು ಉಳಿದಿದೆ ಎಂದು ನಾಲ್ಕು ಜನರಿಗೆ ತೋರಿಸಬೇಕಿತ್ತು.

ಕತ್ತಲು ಬಂತು, ಗುಡ್ಡ ಬಂತು. ಬೆಂಕಿ ಮಾತ್ರ ಬರಲೊಲ್ಲದು. ಪುಡಿಬಣ್ಣ ಕಲಸಿ ಹಳದಿ ಬಳಿದ, ಕೆಂಪು ಬಳಿದ, ಕೇಸರಿ ಬಳಿದ. ಪ್ರತಿಸಲವೂ ಅಲ್ಲಷ್ಟೇ ನೀರು ಹಾಕಿ ತೊಳೆದ.

"ಇದು ಬೆಂಕಿ ಅಲ್ಲ ಬಿಡ್ರಿ, ಶಿರಾ ಚೆಲ್ಲಿದಂಗ ಕಾಣ್ತೈತಿ," ಎಂದಳು ಹೆಂಡತಿ ತಾಯವ್ವ.

ಅವನು ಬ್ರಷ್ ಎಸೆದ. ಅವಳೇ ಎತ್ತಿ ತಂದು ತೊಳೆದಿಟ್ಟಳು.

ಒಂದು ಸಂಜೆ ಕರೆಂಟು ಹೋದಾಗ ತಾಯವ್ವ ಕೋಳಿ ಹುಡುಕುತ್ತ ಟಾರ್ಚ್ ಹಿಡಿದು ತೂಗುಹಾಕಿದ್ದ ಪರದೆಯ ಹಿಂದೆ ಹೋದಳು. ತೊಳೆದು ಬಿಳಿಯಾಗಿದ್ದ ಜಾಗದಲ್ಲಿ ಬೆಳಕು ಹಾಯ್ದು ಬಣವೆ ಧಗ್ಗನೆ ಹೊತ್ತಿಕೊಂಡಿತು.

"ಅಲ್ಲೇ ನಿಂದ್ರು!" ಎಂದು ಕೂಗಿದ ಯಮನೂರ.

ಆ ಜಾಗವನ್ನು ಹಾಗೇ ಬಿಳಿ ಬಿಟ್ಟ. ಬೇವಿನ ಮರದ ಒಂದು ಬದಿ, ಎತ್ತಿನ ಬೆನ್ನು, ಬಂಡೆಯ ಅಂಚು, ಎಲ್ಲಕ್ಕೂ ಬಣವೆಯ ಕಡೆಗಷ್ಟೇ ಕೆಂಪು ಹಚ್ಚಿದ. ಪರದೆ ಒಯ್ಯಲು ಬಂದ ಅಮಸಿದ್ದಪ್ಪ, "ಬೆಂಕಿ ಎಲ್ಲೈತ್ರಿ?" ಎಂದು ಕೇಳಿದ.

"ಆಟದ ದಿನ ನಾ ತರ್ತೇನಿ," ಎಂದಷ್ಟೇ ಹೇಳಿದ ಯಮನೂರ. ಏನು ಗತ್ತು! ಹಿಂದೆ ಬಲ್ಬು ಇಡುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಆಟದ ದಿನ ಸಂಜೆಯೇ ಆ ಹಳ್ಳಿಗೆ ಹೋದ. ಪರದೆಯ ಹಿಂದೆ ಬಲ್ಬು ಕಟ್ಟಿ, ಸ್ವಿಚ್ ಒತ್ತಿ, ಓಡಿಬಂದು ಮುಂದೆ ನಿಂತ. ಮರ, ಎತ್ತು, ಬಂಡೆ ಎಲ್ಲ ಬೆಂಕಿಯತ್ತ ಮುಖ ಮಾಡಿದ್ದವು. ನಡುವೆ ಬಣವೆ ಮಾತ್ರ ಬೆಳಕು ಹಾಯದೆ ಕರ್ರಗಿತ್ತು.

"ನೀವು ಬರೂದು ತಡಾ ಆದೀತಂತ ನಾನ ಬೆಂಕಿ ತುಂಬೇನ್ರಿ," ಎನ್ನುತ್ತ ಅಮಸಿದ್ದಪ್ಪ ಹಿಗ್ಗಿನಿಂದ ಬಂದ. "ಟ್ರಾಲಿಗೆ ಹೊಡದ ಕೆಂಪು ಆಯಿಲ್ ಪೇಂಟ್ ಉಳದಿತ್ತು. ಎರಡು ಕೋಟ್ ಹೊಡದೇನಿ!"

ಯಮನೂರನಿಗೆ ಸಿಟ್ಟಿಗಿಂತ ಮೊದಲು ಅಳು ಬಂತು. "ಆ ಬಿಳಿ ಜಾಗಾನ ಬೆಂಕಿ ಇತ್ತಲೇ!"

"ಹಂಗಂತ ಮೊದಲ ಹೇಳಬಾರದೇನ್ರಿ?"

ಪಾಪ, ಅವನು ಕುಹಕಕ್ಕೆ ಕೇಳಿದ್ದಲ್ಲ. ಯಮನೂರ ಪರದೆಯ ಹಿಂದೆ ಹೋಗಿ, ತಾನೇ ಬಲ್ಬು ಆರಿಸಿದ.