ತಂಗಡಿಗೆ ನಾನು ಹಾಕಿದ ಚಪ್ಪರ

ಶಿರಂಗಾಲದಲ್ಲಿ ಅಕ್ಕನ ರಾಗಿ ಹೊಲದ ಬದುವಿನ ಮೇಲೆ ತಂಗಡಿ ಗಿಡದ ಸಾಲೊಂದಿತ್ತು. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಸಂಕ್ರಾಂತಿಗೆ ಸಗಣಿ ಬೆನಕನ ನೆತ್ತಿಗೆ ಅದರ ಹಳದಿ ಹೂವೇ ಆಗಬೇಕು. ಬಿಸಿಲಲ್ಲಿ ಕಳೆ ಕೀಳುವಾಗ ತಲೆ ತಂಪಿಗೆಂದು ಅಕ್ಕ ಸೆರಗಿನಡಿ ಇಟ್ಟುಕೊಳ್ಳುತ್ತಿದ್ದುದೂ ಅದರ ಸೊಪ್ಪನ್ನೇ.

ಹೋದ ವರ್ಷ ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಆ ಸಾಲನ್ನು ಬೇರುಸಮೇತ ಎತ್ತಿ ಹಾಕಿತು. ರಸ್ತೆಯ ಗುರುತು ಇದ್ದದ್ದು ಬದುವಿನಿಂದ ನಾಲ್ಕು ಮಾರು ಆಚೆ! ಕೇಳಲು ಹೋದ ಅಕ್ಕನಿಗೆ ಮೇಸ್ತ್ರಿ ನಗುತ್ತ ಹೇಳಿದನಂತೆ: "ಕಳೆ ಅಲ್ವಾ ಅಜ್ಜಿ? ಬಿಟ್ಟಿಯಾಗಿ ಕ್ಲೀನ್ ಮಾಡ್ಕೊಟ್ಟಿದೀವಿ." ಆ ಮಹೋಪಕಾರ ನೆನಪಾದಾಗಲೆಲ್ಲ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಇರುವ ಹಲ್ಲೇ ನಾಲ್ಕು, ಆದರೂ.

ಬಿದ್ದ ಗಿಡಗಳ ಒಣಕಾಯಿ ಬಿಡಿಸಿ, ಬೀಜ ಗಂಟು ಕಟ್ಟಿಕೊಂಡು ಅಕ್ಕ ಗಾಳಿಬೀಡಿನ ನನ್ನ ಮನೆಗೆ ಬಂದಳು.

"ಸುತ್ತಮುತ್ತ ಎಲ್ಲೂ ಇಲ್ಲ, ಇಷ್ಟೇ ಉಳ್ದಿರೋದು. ಜನ್ಮವೆಲ್ಲ ಎಸ್ಟೇಟಲ್ಲಿ ಸಸಿ ಮಾಡ್ದೋನು ನೀನು. ಮಾಡ್ಕೊಡೋ."

ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ನಿವೃತ್ತ ರೈಟರ್, ಕಾಫಿ ನರ್ಸರಿಯ ಮಾಜಿ ಸರ್ವಾಧಿಕಾರಿಯಾದ ನಾನು ಈ ರಾಜಕಾರ್ಯವನ್ನು ಸಕಲ ಗಾಂಭೀರ್ಯದಿಂದ ಕೈಗೆತ್ತಿಕೊಂಡೆ. ಕಾಡುಮಣ್ಣು ಜರಡಿ ಹಿಡಿದೆ. ಗೊಬ್ಬರ ಬೆರೆಸಿ ಪ್ಲಾಸ್ಟಿಕ್ ಚೀಲ ತುಂಬಿಸಿದೆ. ಮೇಲೆ ನೆರಳಿಗೆ ಚಪ್ಪರ, ದಿನಕ್ಕೆರಡು ಸಲ ನೀರು. ಕಾಫಿ ಬೀಜವಾಗಿದ್ದರೆ ಈ ಮರ್ಯಾದೆಗೆ ಎದ್ದು ಕೈಮುಗಿಯುತ್ತಿತ್ತು. ತಂಗಡಿ ತಿಂಗಳಾದರೂ ಮುಖ ತೋರಿಸಲಿಲ್ಲ. ಮೊಳೆತ ಎರಡು ಮೂರೂ ಬುಡ ಕೊಳೆತು ಮಲಗಿದವು. ನಾನು ಇನ್ನಷ್ಟು ನೀರು ಹಾಕಿದೆ.

ಅಕ್ಕ ನೋಡಲು ಬಂದವಳು ಚೀಲಕ್ಕೆ ಬೆರಳು ಹಾಕಿದಳು.

"ಏನೋ ಇದು, ಭತ್ತ ನಾಟಿ ಮಾಡ್ತೀಯಾ?"

"ನೆರಳು, ನೀರು, ಗೊಬ್ಬರ, ಯಾವ್ದಕ್ಕೂ ಕಮ್ಮಿ ಮಾಡಿಲ್ಲ ಕಣಕ್ಕ."

"ಅದಕ್ಕೇ ಸತ್ತಿದಾವೆ. ಬದುವಿನ ಮೇಲೆ ಯಾವನೋ ಅದಕ್ಕೆ ಚಪ್ಪರ ಹಾಕಿದ್ದ? ನಿನ್ ಕಾಫಿ ಬುದ್ಧಿಗಿಷ್ಟು!"

ಅಲ್ಲಿಯವರೆಗೆ ನನ್ನ ಸಿಟ್ಟೆಲ್ಲ ಮೇಸ್ತ್ರಿಯ ಮೇಲಿತ್ತು. ಅವನಾದರೂ ಒಂದೇ ಬೆಳಿಗ್ಗೆ ಮುಗಿಸಿದ್ದ. ನಾನು ದಿನಾ ಎರಡು ಹೊತ್ತು, ಶ್ರದ್ಧೆಯಿಂದ!

ಅಕ್ಕ ಚೀಲಗಳನ್ನೆಲ್ಲ ಅಂಗಳಕ್ಕೆ ಸುರಿದು ಕೆಸರು ಕೆದಕಿದಳು. ಉಬ್ಬದೆ, ಕೊಳೆಯದೆ ಕಲ್ಲಿನಂತೆ ಉಳಿದ ಬೀಜ ಒಂದು ಹಿಡಿ ಸಿಕ್ಕಿತು. ಅದನ್ನು ಬಟ್ಟೆ ಒಗೆಯುವ ಕಲ್ಲಿಗೆ ಹಾಕಿ ತಿಕ್ಕಿದಳು.

"ಮೇಲಿನ ಸಿಪ್ಪೆ ಸವೀಬೇಕು. ಇಲ್ದಿದ್ರೆ ವರ್ಷಗಟ್ಲೆ ಹಿಂಗೇ ಕೂತಿರುತ್ತೆ."

"ಮೊದ್ಲೇ ಹೇಳೋದಲ್ವಾ?"

"ನೀನು ಕೇಳಿದ್ಯಾ?"

ಮೊದಲ ಮಳೆಗೆ ಅವನ್ನು ನೇರ ಬದುವಿಗೇ ಊರಿದಳು. ಈಗ ಮೊಣಕಾಲೆತ್ತರ ಬಂದಿವೆ.

ಮೊನ್ನೆ ನಾನು ಅಲ್ಲಿದ್ದಾಗ ಅದೇ ಮೇಸ್ತ್ರಿಯ ಆಳೊಬ್ಬ ಕಳೆ ಔಷಧಿಯ ಡಬ್ಬ ಬೆನ್ನಿಗೇರಿಸಿ, ರಸ್ತೆಯಂಚಿಗೂ ಪಕ್ಕದ ಬದುಗಳಿಗೂ ಹೊಡೆಯುತ್ತ ಬಂದ. ನಾನು ಹೋಗಿ ಗಿಡಗಳ ಮುಂದೆ ಕೂತೆ.

"ಏಳಿ ಅಜ್ಜ. ಕಳೆಗೆ ಯಾರಾದ್ರೂ ಕಾವಲು ಕೂರ್ತಾರಾ?"

"ಕಣ್ಣಿಲ್ವಾ? ಕೂತಿದೀನಲ್ಲ. ಹೊಡಿ, ನನ್ ಮೇಲೇ ಹೊಡಿ."

ಹಿಂದಿನಿಂದ ಅಕ್ಕ ಕೂಗಿದಳು: "ಕೂತ್ಕೋ, ಆದ್ರೆ ನೀರು ಮಾತ್ರ ಹಾಕ್ಬೇಡ!"

ಅವನು ಗೊಣಗುತ್ತ ನಮ್ಮ ಬದು ದಾಟಿ, ಪಕ್ಕದವರ ಬದುವಿನಿಂದ ಮತ್ತೆ ಶುರು ಮಾಡಿದ. ಅಲ್ಲಿ ಯಾರೂ ಕೂತಿರಲಿಲ್ಲ.