ಖಾಲಾಳ ಗೋಡೆಯ ಮೊಳೆ

ಮೇಲಿನ ಮನೆ ಖಾಲಿಯಾದ ಮರುದಿನ, ಗೋಡೆಗಳನ್ನು ನೋಡಿ ಬರೋಣವೆಂದು ಕೀಲಿ ಹಿಡಿದು ಮೆಟ್ಟಿಲು ಹತ್ತಿದೆ. ಬಾಡಿಗೆಯವರು ಬಿಟ್ಟುಹೋದ ಮೇಲೆ ಮನೆಯ ಮಾಲೀಕ ಮೊದಲು ನೋಡುವುದು ಗೋಡೆಯನ್ನೇ. ಬಾಗಿಲು ತೆರೆದೊಡನೆ ಹಸಿ ಸುಣ್ಣದ ವಾಸನೆ ಬಂತು. ಕ್ಯಾಲೆಂಡರ್ ಇದ್ದ ಕಡೆ, ದೇವರ ಪಟವಿದ್ದ ಕಡೆ, ಕನ್ನಡಿ ಇದ್ದ ಕಡೆ ಮೊಳೆ ಕಿತ್ತ ಒಂದೊಂದು ತೂತಿಗೂ ಎಲೆಗೆ ಹಚ್ಚುವ ಸುಣ್ಣ ತುಂಬಿ, ಬೆರಳಿನಿಂದ ಒರೆಸಿ ಸಮ ಮಾಡಿದ್ದರು. ಹಾಗೆ ಮಾಡಿರೆಂದು ನಾನು ಹೇಳಿರಲಿಲ್ಲ. ಆ ಬೆರಳಿನ ಗುರುತು ನೋಡುತ್ತ ನಿಂತವನಿಗೆ ನನ್ನ ಅವ್ವನ ಬೆರಳು ಕಂಡಿತು. ಅದರ ಬೆನ್ನಿಗೇ ಖಾಲಾಳ ದನಿ ಕೇಳಿಸಿತು...

ದೇವದುರ್ಗದ ಕಡೆಯ ಹಳ್ಳಿಯನ್ನು ಬಿಟ್ಟು ಅವ್ವನೊಡನೆ ರಾಯಚೂರಿಗೆ ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸ ಸಿಕ್ಕಿತ್ತು. ಶಾಲೆ ಅರ್ಧಕ್ಕೇ ನಿಂತಿದ್ದರಿಂದ, ಜೋಡಿಸಿದ್ದನ್ನೇ ಓದಿ ಓದಿ ನಾನು ತಿಳಿವಳಿಕೆ ಸಂಪಾದಿಸಿದೆ. ಅಚ್ಚಾದದ್ದನ್ನೆಲ್ಲ ನಂಬಬಾರದೆಂಬುದನ್ನೂ ಅಲ್ಲಿಯೇ ಕಲಿತೆ. ನಿಧನದ ಕಾರ್ಡುಗಳಲ್ಲಿ ‘ಸ್ವಗೃಹದಲ್ಲಿ’ ಎಂಬ ಪದವನ್ನು ಎಷ್ಟು ಸಲ ಜೋಡಿಸಿದೆನೋ ಲೆಕ್ಕವಿಲ್ಲ. ಆ ಸತ್ತವರಲ್ಲಿ ಹಲವರು ಬಾಡಿಗೆ ಮನೆಯವರೆಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು.

ಆ ಕಾಲದಲ್ಲಿ ಮನೆಯವರು, ಬಾಡಿಗೆಯವರು ಎಂಬ ಭೇದವೇ ಇರಲಿಲ್ಲ, ಎಲ್ಲರೂ ಒಂದೇ ಮನೆಯವರಂತೆ ಇದ್ದೆವು ಎಂದು ನನ್ನ ವಯಸ್ಸಿನವರು ಈಗ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಭೇದವಿತ್ತು. ನಾವಿದ್ದ ಮನೆಯ ಒಡತಿ ಒಬ್ಬ ಮುಸ್ಲಿಂ ವಿಧವೆ. ಓಣಿಯವರೆಲ್ಲ ಆಕೆಯನ್ನು ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಬೀದಿಗೆ ಮುಖಮಾಡಿದ ಕಟ್ಟೆ, ಜೋಡಿ ಕದದ ತಲೆಬಾಗಿಲು, ಪಡಸಾಲೆ ಆಕೆಯವು. ಹಿಂದಿನ ಎರಡು ಕೋಣೆಗಳು ನಮ್ಮವು. ನಾವು ಪಕ್ಕದ ಸಂದಿಯಿಂದ ಬಂದು ಸಂದಿಯಿಂದಲೇ ಹೋಗಬೇಕು. ನಳದ ನೀರು ಮೊದಲು ಆಕೆಗೆ. ಗೋಡೆಗೆ ಮೊಳೆ ಹೊಡೆಯುವುದಂತೂ ಸುತರಾಂ ಕೂಡದು. ಮಣ್ಣಿನ ಗೋಡೆ, ಒಂದು ಮೊಳೆಗೆ ಅಂಗೈಯಗಲದ ಗಿಲಾವು ಉದುರುತ್ತಿತ್ತು.

ಬಂದ ವಾರದಲ್ಲೇ ಅವ್ವ ಕದ್ದು ಒಂದು ಮೊಳೆ ಹೊಡೆದಳು. ಗೋಡೆಯಾಚೆಯಿಂದ ಕೂಗು ಬಂತು.

“ಯಾರಲೇ ಅದು? ನನ್ನ ಗ್ವಾಡಿಗಿ ಮೊಳಿ ಹೊಡದ್ರ ನಿಮ್ಮ ತಲಿಗಿ ಹೊಡೀತೀನಿ ನೋಡು!”

ಅವ್ವ ಮೊಳೆ ಕಿತ್ತು, ಎಲೆಯ ಸುಣ್ಣ ತುಂಬಿ, ಬೆರಳಿನಿಂದ ಒರೆಸುತ್ತ ಮೆಲ್ಲಗೆ ಗೊಣಗಿದಳು: “ದೇವರ ಪಟಾ ಏನು ನನ್ನ ಕೊಳ್ಳಾಗ ಹಾಕ್ಕೊಂಡು ಅಡ್ಡಾಡ್ಲೇನು?”

“ಹಾಕ್ಕೋ ಬೇ, ಚಂದ ಕಾಣ್ತೀ!” ಎಂದಿತು ಗೋಡೆ.

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಾನು ನಗಲಿಲ್ಲ. ಸ್ವಂತ ಮನೆಯಿದ್ದವರ ಹೃದಯ ಗಟ್ಟಿಯಾಗುತ್ತದೆಂಬುದು ಆಗ ನನ್ನ ಸಿದ್ಧಾಂತ.

ಆದರೆ ನಮ್ಮ ಕಡೆಯ ಸಂಗತಿಯನ್ನೂ ಹೇಳಬೇಕು. ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸವಳು ಮಣ್ಣು ಹರಡಿ ತುಳಿಯಬೇಕು, ಇಲ್ಲವಾದರೆ ಸೋರುತ್ತದೆ. ಆ ವಯಸ್ಸಿನಲ್ಲೂ ಖಾಲಾ ಏಣಿ ಹತ್ತಿ ತಾನೇ ತುಳಿಯುತ್ತಿದ್ದಳು. ನಮ್ಮ ತಲೆಯ ಮೇಲೆಯೇ ಆಕೆಯ ಹೆಜ್ಜೆಯ ಸದ್ದು ಕೇಳುತ್ತಿತ್ತು. ನಾನು ಕೆಳಗೆ ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದೆ. ಅವರ ಮನೆ, ಅವರು ನೋಡಿಕೊಳ್ಳುತ್ತಾರೆ ಎಂದು. ಸೋರಿದರೆ ಪಾತ್ರೆಯಿಟ್ಟು ಸುಮ್ಮನಿರುವುದೇ ಬಾಡಿಗೆಯವನ ಹಕ್ಕೆಂದು ತಿಳಿದಿದ್ದೆ...

ಒಂದು ಬೇಸಿಗೆಯಲ್ಲಿ ಅವ್ವ ಹಾಸಿಗೆ ಹಿಡಿದಳು. ದವಾಖಾನೆಯವರು, ಇನ್ನು ಮನೆಗೆ ಕರೆದೊಯ್ಯಿರಿ ಎಂದರು. ಮನೆ ಎಂದರೆ ಯಾವ ಮನೆ? ಬಾಡಿಗೆಯವರು ಬಾಡಿಗೆ ಮನೆಯಲ್ಲಿ ಸಾಯಬಾರದು. ಅದು ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ನಿಯಮ. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕೆಂಬ ಭಯ. ಹೊರಗೆ ಹಾಕುವ ಮೊದಲೇ ತಾವಾಗಿ ಹೊರಡುವುದು ಮರ್ಯಾದೆ. ಅವ್ವನೇ ಊರಿಗೆ ಒಯ್ಯಿ ಎಂದಳು. ಆಕೆಗೆ ನಿಜವಾಗಿ ಹೋಗಬೇಕಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಮಧ್ಯಾಹ್ನ ಜೀಪು ತಂದು ಸಂದಿಯ ಬಾಯಿಗೆ ನಿಲ್ಲಿಸಿದೆ.

ಖಾಲಾ ಕಟ್ಟೆಯಿಂದಿಳಿದು ಬಂದಳು. “ಎಲ್ಲಿಗಿ?”

“ಊರಿಗಿ ಖಾಲಾ. ದೇವದುರ್ಗದ ಕಡಿಗಿ.”

“ಊರಾಗ ನಿಮ್ದು ಮನಿ ಅದ ಏನು?”

“ನಮ್ಮ ಮನಿ ಬಿದ್ದದ. ಕಾಕಾನ ಮನಿ ಅದ.”

“ಅಂದ್ರ ಅಲ್ಲೂ ಮಂದಿ ಮನೀನೇ. ಜೀಪು ವಾಪಸ್ ಕಳಿಸು.”

ಒಳಗಿನಿಂದ ಅವ್ವನ ಕ್ಷೀಣ ದನಿ: “ಬ್ಯಾಡ ಖಾಲಾ. ನಿಮ್ಮ ಮನಿಗಿ ಕೆಟ್ಟ ಹೆಸರು ಬರ್ತದ.”

“ನಮ್ಮ ಮನಿಯವರು ಇದೇ ಪಡಸಾಲ್ಯಾಗ ಸತ್ತಾರ. ಮನಿ ಬಿತ್ತೇನು? ಸುಮ್ಕ ಮಕ್ಕೋ ಬೇ.”

ಎದುರು ಮನೆಯ ಕಿರಾಣಿ ಅಂಗಡಿಯ ಸಾಹುಕಾರ ಇದನ್ನೆಲ್ಲ ನೋಡುತ್ತಿದ್ದ. ಹತ್ತಿರ ಬಂದು, “ಖಾಲಾ, ನಾಳಿ ಆ ಖೋಲಿಗೆ ಯಾರೂ ಬಾಡಿಗಿಗಿ ಬರಂಗಿಲ್ಲ ನೋಡ್ರಿ” ಎಂದ.

“ಬರಲಿಲ್ಲಂದ್ರ ಖಾಲಿ ಬೀಳ್ತದ. ಮನಿ ನಂದದ, ನಿಂದಲ್ಲ.”

ಅವ್ವ ಮರುದಿನ ಬೆಳಗ್ಗೆ ತೀರಿಕೊಂಡಳು. ಸಂದಿಯಲ್ಲಿ ನಾಲ್ಕು ಜನ ನಿಲ್ಲಲೂ ಜಾಗವಿರಲಿಲ್ಲ. ಖಾಲಾ ತಲೆಬಾಗಿಲಿನ ಎರಡೂ ಕದ ತೆರೆದು, ಕಟ್ಟೆ ಗುಡಿಸಿ, ಇಲ್ಲಿ ತನ್ನಿ ಎಂದಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಬಾಗದಂತೆ ಗೋಡೆಗೆ ಮೊಳೆ ಹೊಡೆದು ಬಟ್ಟೆಯಿಂದ ಕಟ್ಟುತ್ತೇವೆ. ಅವ್ವನನ್ನು ಕೂರಿಸಿದ ಮೇಲೆ ಎಲ್ಲರ ಕೈ ನಿಂತುಹೋಯಿತು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವ್ವನ ತಲೆ ಒಂದು ಕಡೆಗೆ ವಾಲುತ್ತಿತ್ತು. ನಾನು ಅಂಗೈಯಿಂದ ಹಿಡಿದು ನಿಂತಿದ್ದೆ.

ಖಾಲಾ ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಉದ್ದನೆಯ ಮೊಳೆ, ಇನ್ನೊಂದು ಕೈಯಲ್ಲಿ ಮಸಾಲೆ ಕುಟ್ಟುವ ಕಲ್ಲು.

“ಹೊಡಿ.”

ನಾನು ಆಕೆಯ ಮುಖ ನೋಡಿದೆ.

“ಏನ್ ನೋಡ್ತೀ ಲೇ? ನಿಮ್ಮವ್ವನ ಕೊಳ್ಳು ನೋಯ್ತದ. ಹೊಡಿ.”

ಹೊಡೆದೆ. ಗಿಲಾವು ದೊಡ್ಡ ಚಕ್ಕೆಯಾಗಿ ಕಳಚಿ ಕಟ್ಟೆಯ ಮೇಲೆ ಬಿತ್ತು. ಖಾಲಾ ಅದರ ಕಡೆ ತಿರುಗಿಯೂ ನೋಡಲಿಲ್ಲ. ಊದಿನ ಹೊಗೆ ಹಾಕಿದಳು, ಬಂದವರಿಗೆ ನೀರು ಕೊಡಿಸಿದಳು. ಅವ್ವ, ತಾನೆಂದೂ ಕಾಲಿಡದ ಆ ತಲೆಬಾಗಿಲಿನ ಮುಂದಿನಿಂದ, ಇಡೀ ಓಣಿ ನೋಡುತ್ತಿರುವಾಗ ಹೊರಟಳು.

ಅವ್ವನ ನಿಧನದ ಕಾರ್ಡು ಜೋಡಿಸುವಾಗ ‘ಸ್ವಗೃಹದಲ್ಲಿ’ ಎಂಬ ಪದದ ಬಳಿ ನನ್ನ ಕೈ ತಡೆಯಿತು. ಸಂಜೆ ಖಾಲಾಳನ್ನು ಕೇಳಿದೆ. “ಮನ್ಯಾಗ ಸತ್ತಾಳ, ಮನ್ಯಾಗ ಅಂತ ಹಾಕು. ಯಾರ ಮನಿ ಅಂತ ಯಾರು ಕೇಳ್ತಾರ?” ಎಂದಳು. ‘ಮನೆಯಲ್ಲಿ’ ಎಂದೇ ಹಾಕಿದೆ. ನಾನು ಜೋಡಿಸಿದ ಕಾರ್ಡುಗಳಲ್ಲಿ ಸುಳ್ಳಿಲ್ಲದ್ದು ಅದೊಂದೇ ಎಂದು ಈಗಲೂ ಅನ್ನಿಸುತ್ತದೆ.

ಕಾರ್ಯ ಮುಗಿದ ಮೇಲೆ ಮೊಳೆ ಕಿತ್ತು ಸುಣ್ಣ ತುಂಬಲು ಹೋದೆ. “ಬಿಡು, ಇರ್ಲಿ” ಎಂದಳು. ಅದು ಅಲ್ಲಿಯೇ ಉಳಿಯಿತು. ಆ ವರ್ಷ ಮಾಳಿಗೆಗೆ ಮಣ್ಣು ಹೊತ್ತು ತುಳಿದವನು ನಾನು. ಖಾಲಾ ಕೆಳಗೆ ನಿಂತು, “ಎಮ್ಮಿ ತುಳದಂಗ ತುಳೀಬ್ಯಾಡೋ!” ಎಂದು ಬೈಯುತ್ತಿದ್ದಳು. ನಳದ ನೀರು ಮಾತ್ರ ಮೊದಲಿನಂತೆಯೇ, ಮೊದಲು ಆಕೆಗೆ. ನಮ್ಮ ಕೋಣೆಯಲ್ಲಿ ಮೊಳೆ ಕೊನೆಯವರೆಗೂ ಕೂಡದು. ಮನೆ ನನ್ನದು ಎಂಬ ಯಾವ ಹಮ್ಮು ನಮ್ಮನ್ನು ಸಂದಿಯಲ್ಲಿಟ್ಟಿತ್ತೋ, ಅದೇ ಹಮ್ಮು ತಲೆಬಾಗಿಲನ್ನೂ ತೆರೆದಿತ್ತು. ನನ್ನ ಸಿದ್ಧಾಂತಕ್ಕೆ ಅದು ದಕ್ಕಲಿಲ್ಲ.

ಮದುವೆಯಾಗಿ ನಾನು ಬೇರೆ ಕಡೆ ಹೋದೆ. ಖಾಲಾ ತೀರಿಕೊಂಡ ಸುದ್ದಿ ತಡವಾಗಿ ಬಜಾರದಲ್ಲಿ ಸಿಕ್ಕಿತು. ಕೊನೆಗಾಲದಲ್ಲಿ ಮನೆ ಮಾರಿ, ಮಾನ್ವಿಯಲ್ಲಿ ಅಣ್ಣನ ಮಗನೊಡನೆ ಸುಖವಾಗಿದ್ದಳೆಂದು ಜನ ಹೇಳಿದರು. ನಂಬದೆ ಮಾನ್ವಿಗೆ ಹೋದೆ. ಅಣ್ಣನ ಮಗ ಒಳ್ಳೆಯವನೇ. ಚಹಾ ಕೊಟ್ಟು, “ಆರಾಮ ಹೋದ್ರು ನೋಡ್ರಿ” ಎಂದ.

“ಯಾವ ಬಾಗಲಿಂದ ಹೋದ್ರು?” ಎಂದು ಕೇಳಿದೆ.

ಅವನಿಗೆ ಪ್ರಶ್ನೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ತಲೆ ತಗ್ಗಿಸಿದ. “ಇದು ಬಾಡಿಗಿ ಮನಿರೀ... ಮಾಲಕ ಬ್ಯಾಡ ಅಂದ. ದವಾಖಾನಿಯಿಂದ ಸೀದಾ ಖಬರಸ್ತಾನಕ್ಕ ಒಯ್ದಿವ್ರಿ.”

ಆ ಮಾಲೀಕನನ್ನು ನಾನು ಬಸ್ಸಿನಲ್ಲಿ ರಾಯಚೂರು ಮುಟ್ಟುವವರೆಗೂ ಶಪಿಸಿದೆ.

ಈಗ ನನ್ನದೊಂದು ಮನೆಯಿದೆ. ಮೇಲಿನ ಮನೆಯಲ್ಲಿದ್ದದ್ದು ದಿನವೂ ಬಸ್ಸಿನಲ್ಲಿ ಯರಗೇರಾಕ್ಕೆ ಕೆಲಸಕ್ಕೆ ಹೋಗುವ ಒಬ್ಬ ಯುವಕ ಮತ್ತು ಅವನ ಹೆಂಡತಿ. ಚಿಕಿತ್ಸೆಗೆಂದು ಯಾಪಲದಿನ್ನಿಯಿಂದ ಬಂದು ಅವರೊಡನಿದ್ದ ಅವನ ತಂದೆ, ಹೋದ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಸಂಜೆ ಹೊತ್ತು ನನ್ನ ಕಟ್ಟೆಯ ಮೇಲೆ ಕೂತು ಓಣಿಯವರೊಡನೆ ಹರಟುತ್ತಿದ್ದ ಮನುಷ್ಯ. ಮಗ ಫೋನು ಮಾಡಿದ.

“ಕಾಕಾರ, ಅಪ್ಪನ್ನ ಒಂದು ತಾಸು ನಿಮ್ಮ ಕಟ್ಟಿ ಮ್ಯಾಲ ಕುಂದ್ರಸ್ತೀವ್ರಿ. ಓಣಿ ಮಂದಿ ಮಾರಿ ನೋಡ್ತಾರ.”

ಹೆಂಡತಿ ಬಾಗಿಲಲ್ಲಿ ನಿಂತು ಕೈಯಾಡಿಸಿ ಬೇಡವೆಂದಳು. ಆಕೆಯ ಮೇಲೆ ಹೊರಿಸಲಾರೆ, ಮಾತಾಡಿದ್ದು ನಾನು. ಗೋಡೆಗೆ ಹೊಸದಾಗಿ ಬಣ್ಣ ಬಳಿಸಿದ್ದೆ...

“ಸೀದಾ ಊರಿಗಿ ಒಯ್ಯೋದು ಚಲೋ ಅಲ್ಲೇನಪಾ? ಅಲ್ಲಿ ನಿಮ್ದು ಸ್ವಂತ ಮನಿ ಅದ.”

“ಆತ್ರಿ ಕಾಕಾರ” ಎಂದ. ಅಷ್ಟೇ.

ಆಂಬುಲೆನ್ಸು ಓಣಿಗೆ ಬಂದು ನಿಂತಿತು. ಹಿಂದಿನ ಬಾಗಿಲು ತೆರೆದರು. ಓಣಿಯ ಹೆಣ್ಣುಮಕ್ಕಳು ರಸ್ತೆಯಲ್ಲೇ ನಿಂತು, ಬಗ್ಗಿ ಒಳಗೆ ಇಣುಕಿ ನೋಡಿದರು. ಸೊಸೆ ಮೇಲಿನಿಂದ ಒಂದು ತಂಬಿಗೆ ನೀರು ತಂದು, ಖಾಲಿ ಕಟ್ಟೆಯನ್ನು ದಾಟಿಕೊಂಡು ಗಾಡಿಯ ಕಡೆ ಹೋದಳು. ನಾನು ನನ್ನ ಸ್ವಂತ ಕಿಟಕಿಯ ಹಿಂದೆ ನಿಂತಿದ್ದೆ.

‘ಮಗನೇ ಊರಿಗೆ ಒಯ್ಯಬೇಕೆಂದ’ ಎಂದು ಓಣಿಯಲ್ಲಿ ಈಗ ಹೇಳುತ್ತಾರೆ. ಜೀವನವಿಡೀ ಇಂಥ ಮಾತುಗಳನ್ನು ಕೆದಕಿ ನೋಡಿದವನು ನಾನು. ಇದೊಂದನ್ನು ಕೇಳಿಸಿಕೊಂಡು ಸುಮ್ಮನಿದ್ದೇನೆ.

ನಿನ್ನೆ ಹೊಸಬರು ಮನೆ ನೋಡಲು ಬಂದಿದ್ದರು: ಗಂಡ, ಹೆಂಡತಿ, ಕೋಲೂರಿಕೊಂಡ ಒಬ್ಬ ಅಜ್ಜಿ. ಅಜ್ಜಿ ಮೆಟ್ಟಿಲು ಹತ್ತಲಾರದೆ ಕಟ್ಟೆಯ ಮೇಲೆ ಕೂತು, ಗೋಡೆಗೆ ಬೆನ್ನು ಆನಿಸಿ, “ತಂಪದ ನೋಡಪಾ ಇಲ್ಲಿ” ಎಂದಳು. ಆಕೆಗೆ ಏನೋ ಹೇಳಬೇಕೆಂದು ಬಾಯಿ ತೆರೆದೆ.

“ಗ್ವಾಡಿಗಿ ಮೊಳಿ ಹೊಡಿಬ್ಯಾಡ್ರಿ” ಎಂದೆ.

ಖಾಲಾಳಿಂದ ನನಗೆ ಬಂದಿರುವುದು ಅಷ್ಟೇ.